ಬಾಳೆಗುಳಿಯಲ್ಲಿ ಬಲಕ್ಕೆ ಹೊರಳಿ: ಬೆಂಗೇರಿಯಿಂದ ಅಂಕೋಲೆಗೆ ಒಂದೂವರೆ ದಿನ

ಹುಬ್ಬಳ್ಳಿಯ ಬೆಂಗೇರಿ, ಕೇಶ್ವಾಪುರ, ಗೋಪನಕೊಪ್ಪದ ಮಂದಿ ಸಮುದ್ರ ನೋಡಲು ಹೊರಟರೆಂದರೆ ಮೂರೇ ಹೆಸರು ಬಾಯಿಗೆ ಬರುತ್ತವೆ: ಗೋಕರ್ಣ, ಮುರ್ಡೇಶ್ವರ, ಗೋವಾ. ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಹೋಗುವ ಗಾಡಿಗಳು ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಬಾಳೆಗುಳಿ ಕ್ರಾಸಿಗೆ ಬಂದು ಎಡಕ್ಕೆ ಹೊರಳುತ್ತವೆ. ಬಲಕ್ಕೆ ಹೊರಳಿದರೆ ಕೆಲವೇ ನಿಮಿಷಕ್ಕೆ ಅಂಕೋಲೆ ಪೇಟೆ. ಹುಬ್ಬಳ್ಳಿಯಿಂದ ಬರುವ ಹೆದ್ದಾರಿ ಮುಗಿಯುವುದೇ ಇಲ್ಲಿ, ಹಾಗೆ ನೋಡಿದರೆ ನಮಗೆ ತೀರ ಹತ್ತಿರದ ಕಡಲ ಊರು ಇದು. ಆದರೂ ಇಲ್ಲಿ ಇಳಿಯುವವರು ಕಡಿಮೆ. ಇಳಿಯಬೇಕು ಎನ್ನುವುದು ನನ್ನ ವಾದ, ಹೇಗೆ ಎನ್ನುವುದು ಈ ಲೇಖನ.

ಅಂಕೋಲೆಯಲ್ಲಿ ಗೋಕರ್ಣದಂತೆ ಸಾಲು ಸಾಲು ಕೆಫೆಗಳಿಲ್ಲ, ಮುರ್ಡೇಶ್ವರದಂಥ ದೊಡ್ಡ ಶಿವನ ಮೂರ್ತಿಯಿಲ್ಲ. ನೋಡಲೇಬೇಕಾದ ಹತ್ತು ಜಾಗಗಳ ಪಟ್ಟಿ ಹಿಡಿದು ಹೋದವರು ಮಧ್ಯಾಹ್ನದೊಳಗೆ ಬೇಸತ್ತು ಎದ್ದು ಬರುತ್ತಾರೆ. ಇಲ್ಲಿ ಗಡಿಯಾರ ಮತ್ತು ಪಂಚಾಂಗ ನೋಡಿಕೊಂಡು ಹೋಗಬೇಕು. ಬೆಳಿಗ್ಗೆ ಸಿಗುವುದು ಮಧ್ಯಾಹ್ನ ಸಿಗದು, ಮೇ ತಿಂಗಳಲ್ಲಿ ಸಿಗುವುದು ಜುಲೈನಲ್ಲಿ ಸಿಗದು.

ದಾರಿ

ಹುಬ್ಬಳ್ಳಿಯಿಂದ ಅಂಕೋಲೆಗೆ ಸುಮಾರು 130 ಕಿಲೋಮೀಟರ್. ಹಳಬರು ಇನ್ನೂ ಅರವತ್ಮೂರನೇ ನಂಬರಿನ ಹೈವೇ ಎಂದೇ ಕರೆಯುವ ಈ ರಸ್ತೆಗೆ ಈಗ ರಾಷ್ಟ್ರೀಯ ಹೆದ್ದಾರಿ 52 ಎಂದು ಹೆಸರು. ಸ್ವಂತ ಗಾಡಿಯಲ್ಲಿ ಮೂರು ತಾಸು ಹಿಡಿಯಿರಿ, ಬಸ್ಸಿನಲ್ಲಿ ಇನ್ನೊಂದು ತಾಸು ಹೆಚ್ಚು. ವಾಯವ್ಯ ಕರ್ನಾಟಕ ಸಾರಿಗೆಯ ಕಾರವಾರದ ಬಸ್ಸುಗಳು ಅಂಕೋಲೆಯ ಮೇಲೆಯೇ ಹೋಗುತ್ತವೆ. ಸಾಮಾನ್ಯ ಬಸ್ಸಾದರೆ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಆಧಾರ್ ಕಾರ್ಡ್ ಜೊತೆಗಿರಲಿ. ರೈಲಿನ ಮಾತು ಬೇಡ. ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗದ ಬಗ್ಗೆ ನಮ್ಮ ಅಪ್ಪಂದಿರೂ ಕೇಳಿದ್ದರು, ನಾವೂ ಕೇಳುತ್ತಿದ್ದೇವೆ. ಕಾಡು ಕಡಿಯುವ ಪ್ರಶ್ನೆಯಲ್ಲಿ ಅದು ಸಿಕ್ಕಿಕೊಂಡಿದೆ. ಅಂಕೋಲೆಯಲ್ಲಿ ಸ್ಟೇಷನ್ ಇದೆ, ಆದರೆ ಅದು ಮಂಗಳೂರು-ಗೋವಾ ಕಡೆಯ ಕೊಂಕಣ ರೈಲಿನದು.

ಬೆಳಿಗ್ಗೆ ಐದೂವರೆಗೆ ಮನೆ ಬಿಡಿ. ಕಾರಣ ಮುಂದೆ ಹೇಳುತ್ತೇನೆ. ಕಲಘಟಗಿಯಲ್ಲಿ ಅಂಗಡಿ ತೆರೆಯುವ ಹೊತ್ತಾಗಿರುವುದಿಲ್ಲ, ಹಾಗಾಗಿ ಬಣ್ಣದ ತೊಟ್ಟಿಲು ನೋಡುವ ಆಸೆಯಿದ್ದವರು ವಾಪಸ್ ಬರುವಾಗ ನಿಲ್ಲಲಿ. ಅರಗಿನ ಬಣ್ಣ ಹಚ್ಚಿ, ಚಿತ್ರ ಬರೆದು ಮಾಡುವ ಆ ತೊಟ್ಟಿಲುಗಳನ್ನು ಕಟ್ಟುವ ಚಿತ್ರಗಾರ ಮನೆತನಗಳು ಈಗ ಬೆರಳೆಣಿಕೆಯಷ್ಟು.

ನಾಷ್ಟಾ ಯಲ್ಲಾಪುರದಲ್ಲಿ ಮಾಡಿ. ಘಟ್ಟದ ಮೇಲಿನ ಊರಾದ್ದರಿಂದ ಇಲ್ಲಿಯ ಹೋಟೆಲುಗಳಲ್ಲಿ ನಮ್ಮ ಉಪ್ಪಿಟ್ಟು-ಶಿರಾದ ಜೊತೆಗೆ ಬನ್ಸ್-ಭಾಜಿ, ಮೊಸರವಲಕ್ಕಿ ಶುರುವಾಗುತ್ತವೆ. ಚಹಾ ಬಿಟ್ಟು ಕಷಾಯ ಕೇಳಿ ನೋಡಿ: ಕೊತ್ತಂಬರಿ, ಜೀರಿಗೆ ಹುರಿದು ಪುಡಿ ಮಾಡಿ, ಬೆಲ್ಲ-ಹಾಲು ಹಾಕಿ ಕುದಿಸಿದ್ದು. ಗಂಟಲಿಗೆ ಹಿತ, ಮುಂದಿನ ತಿರುವುಗಳಿಗೆ ಹೊಟ್ಟೆಯೂ ತಯಾರು. ಗಾಡಿಯಲ್ಲಿ ವಾಂತಿ ಮಾಡುವ ಮಕ್ಕಳಿದ್ದರೆ ಬನ್ಸ್ ಒಂದಕ್ಕೇ ನಿಲ್ಲಿಸಿ.

ಯಲ್ಲಾಪುರದಿಂದ ಸುಮಾರು 18 ಕಿಲೋಮೀಟರ್ ಒಳಗೆ ಹೋದರೆ ಮಾಗೋಡು ಜಲಪಾತ. ಬೇಡ್ತಿ ನದಿ ಸುಮಾರು 200 ಮೀಟರ್ ಆಳಕ್ಕೆ ಎರಡು ಹಂತದಲ್ಲಿ ಬೀಳುತ್ತದೆ. ನಮ್ಮ ಹುಬ್ಬಳ್ಳಿಯವರು ಇದನ್ನು ನೋಡುವಾಗ ಒಂದು ವಿಷಯ ನೆನಪಿಟ್ಟುಕೊಳ್ಳಬೇಕು. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆಯೂ, ಬೆಂಗೇರಿಯ ಪಕ್ಕದ ಉಣಕಲ್ ಕೆರೆಯ ಕಡೆಯಿಂದ ಹರಿದು ಬರುವ ನೀರೂ ಕಲಘಟಗಿಯ ಆಸುಪಾಸಿನಲ್ಲಿ ಕೂಡಿ ಬೇಡ್ತಿಯಾಗುತ್ತವೆ. ಮಾಗೋಡಿನಲ್ಲಿ ಬಿದ್ದು, ಘಟ್ಟ ಇಳಿದ ಮೇಲೆ ಅದರ ಹೆಸರು ಗಂಗಾವಳಿ. ಅಂಕೋಲೆಯ ದಕ್ಷಿಣಕ್ಕೆ, ಮಂಜಗುಣಿಯ ಬಳಿ ಸಮುದ್ರ ಸೇರುತ್ತದೆ. ಉಣಕಲ್ ನಾಲಾಕ್ಕೆ ನಾವು ಬಿಡುವ ಗಟಾರದ ನೀರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ನೀವು ಊಟ ಮಾಡಲು ಹೊರಟಿರುವ ಊರಿನಲ್ಲಿದೆ. ಈ ನದಿಗೆ ಅಣೆಕಟ್ಟು ಕಟ್ಟುವ ಯೋಜನೆಯೊಂದು 1980ರ ದಶಕದ ಆರಂಭದಲ್ಲಿ ಅಡಿಕೆ ತೋಟಿಗರ ಮತ್ತು ಪರಿಸರದ ಮಂದಿಯ ವಿರೋಧದಿಂದ ನಿಂತುಹೋಯಿತು. ಇಲ್ಲದಿದ್ದರೆ ಮಾಗೋಡಿನಲ್ಲಿ ಇಂದು ನೋಡುವುದಕ್ಕೆ ಬಂಡೆಯಷ್ಟೇ ಉಳಿಯುತ್ತಿತ್ತೇನೋ. ಅಕ್ಟೋಬರ್‌ನಿಂದ ಡಿಸೆಂಬರ್ ಒಳ್ಳೆಯ ಕಾಲ. ಮಳೆಗಾಲದಲ್ಲಿ ಮಂಜು ಮುಚ್ಚಿ ಸದ್ದು ಮಾತ್ರ ಕೇಳಿಸುತ್ತದೆ. ಆದರೆ ಒಂದೇ ದಿನದ ಪ್ರವಾಸವಾದರೆ ಹೋಗುವಾಗ ಮಾಗೋಡಿಗೆ ತಿರುಗಬೇಡಿ. ಮೀನು ಪೇಟೆ ತಪ್ಪುತ್ತದೆ.

ಇಡಗುಂದಿ ದಾಟಿದ ಮೇಲೆ ಅರಬೈಲ್ ಘಟ್ಟ. ರಸ್ತೆ ಮೊದಲಿಗಿಂತ ಅಗಲವಾಗಿದೆ, ಆದರೆ ಹೊಸಪೇಟೆ-ಬಳ್ಳಾರಿ ಕಡೆಯ ಲಾರಿಗಳೆಲ್ಲ ಇದೇ ದಾರಿ ಹಿಡಿಯುತ್ತವೆ. 2025ರ ಜನವರಿ 22ರ ನಸುಕಿನಲ್ಲಿ, ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು-ತರಕಾರಿ ಒಯ್ಯುತ್ತಿದ್ದ ಲಾರಿ ಗುಳ್ಳಾಪುರದ ಹತ್ತಿರ ಉರುಳಿ 10 ಮಂದಿ ವ್ಯಾಪಾರಿಗಳು ಸತ್ತರು. ಕರಾವಳಿಯ ಸಂತೆಗಳ ಬದನೆ, ಹಸಿಮೆಣಸು, ಟೊಮೆಟೊ ಬಹುಪಾಲು ನಮ್ಮ ಬಯಲುಸೀಮೆಯಿಂದ ಹೀಗೆ ರಾತ್ರಿಯೆಲ್ಲ ಪ್ರಯಾಣಿಸಿ ಹೋಗುತ್ತದೆ. ನಸುಕಿನ ಮಂಜಿನಲ್ಲಿ ಈ ಘಟ್ಟ ಇಳಿಯಬೇಡಿ. ಐದೂವರೆಗೆ ಹೊರಟು ಯಲ್ಲಾಪುರದಲ್ಲಿ ನಾಷ್ಟಾಕ್ಕೆ ಕೂತರೆ ಘಟ್ಟಕ್ಕೆ ಬರುವಷ್ಟರಲ್ಲಿ ಚೆನ್ನಾಗಿ ಬೆಳಕಾಗಿರುತ್ತದೆ. ಕೆಳಗಿಳಿದ ಮೇಲೆ ಸುಂಕಸಾಳ, ರಾಮನಗುಳಿ, ಹೆಬ್ಬುಳದ ಉದ್ದಕ್ಕೂ ಗಂಗಾವಳಿ ಆಗಾಗ ಪಕ್ಕಕ್ಕೆ ಬಂದು ಹೋಗುತ್ತಿರುತ್ತದೆ. ಕಿಟಕಿಯ ಗಾಳಿ ಅಂಟಂಟಾದರೆ ಬಾಳೆಗುಳಿ ಹತ್ತಿರ ಬಂತೆಂದು ಅರ್ಥ.

ಮೊದಲು ಪೇಟೆ, ಆಮೇಲೆ ಸಮುದ್ರ

ಐದೂವರೆಗೆ ಹೊರಡಿ ಎಂದದ್ದು ಇದಕ್ಕೆ: ಅಂಕೋಲೆಯ ಪೇಟೆ ಬೆಳಗಿನದು. ಬೆಲೇಕೇರಿ, ಕೇಣಿ, ಹಾರವಾಡದ ಕಡೆಯ ಮೀನು ಬುಟ್ಟಿಗಳಲ್ಲಿ ಬಂದು ಕೂರುವ ಹೊತ್ತಿಗೆ ನೀವೂ ಅಲ್ಲಿರಬೇಕು. ತಿನ್ನದವರೂ ಮೂಗು ಮುಚ್ಚಿಕೊಳ್ಳದೆ ಒಂದು ಸುತ್ತು ಹಾಕಿ ಬನ್ನಿ. ಮಾರುವವರು ಹೆಚ್ಚಾಗಿ ಹೆಂಗಸರು. ದರ ಅವರೇ ಹೇಳುತ್ತಾರೆ, ಅವರೇ ಇಳಿಸುತ್ತಾರೆ, ಇಳಿಸದಿದ್ದರೆ ಬೈಯುತ್ತಲೂ ಇರುತ್ತಾರೆ. ಅಕ್ಕಾ, ಬಾಯಿ ಎಂದು ಮಾತು ಶುರು ಮಾಡಿದರೆ ಕೆಲಸ ಸುಲಭ.

ಹೆಸರುಗಳು ಗೊತ್ತಿರಲಿ. ಮಂಗಳೂರಿನವರ ಬೂತಾಯಿ ಇಲ್ಲಿ ತಾರ್ಲೆ. ಬಂಗಡೆ ಎಲ್ಲ ಕಡೆಗೂ ಬಂಗಡೆ. ಅಂಜಲ್ ಎಂದು ಕೇಳಿದರೆ ಇಸ್ವಣ ತೋರಿಸುತ್ತಾರೆ. ಸೀಗಡಿಗೆ ಶೆಟ್ಲಿ ಎನ್ನುತ್ತಾರೆ. ನೊಗಲಿ ಎನ್ನುವುದು ಕೈಬೆರಳಿನುದ್ದದ, ನಯವಾದ ಮೀನು. ಮುಳ್ಳಿನ ಹೆದರಿಕೆಯಿರುವ ಹುಬ್ಬಳ್ಳಿಯವರಿಗೆ ಅದೂ, ಇಸ್ವಣದ ತುಂಡೂ ಸಲೀಸು. ತಾಜಾ ಹೌದೋ ಅಲ್ಲವೋ ನೋಡಲು ಕಿವಿರು ಎತ್ತಿಸಿ: ಕೆಂಪಾಗಿರಬೇಕು. ಕಣ್ಣು ಒಳಗೆ ಇಳಿದಿರಬಾರದು. ಬೆರಳಿನಿಂದ ಒತ್ತಿದ ಗುಳಿ ಕೂಡಲೇ ಮೇಲೆ ಬರಬೇಕು. ನದಿ ಬಾಯಿಯ ಉಸುಕಿನಲ್ಲಿ ಇಳಿತದ ಹೊತ್ತಿಗೆ ಹೆಕ್ಕಿ ತರುವ ಬಳಚು, ಅಂದರೆ ಚಿಪ್ಪಿನೊಳಗಿನ ಮಾಂಸ, ಅಗ್ಗದ ಮತ್ತು ರುಚಿಯ ವಸ್ತು. ಆದರೆ ಅದನ್ನು ಮನೆಗೊಯ್ಯುವ ಆಸೆ ಬೇಡ. ಅಷ್ಟು ದೂರ ತಡೆಯುವುದಿಲ್ಲ.

ಮೀನಿನ ಸಾಲಿನ ಆಚೆ ತರಕಾರಿ ಬುಟ್ಟಿಗಳ ಮುಂದೆ ಕೂತ, ಕೊರಳ ತುಂಬ ಮಣಿಸರ ಹಾಕಿದ ಹಾಲಕ್ಕಿ ಒಕ್ಕಲಿಗ ಹೆಂಗಸರನ್ನು ಕಾಣುತ್ತೀರಿ. ತಮ್ಮ ಹಿತ್ತಲಲ್ಲಿ ಬೆಳೆದ ಸೊಪ್ಪು, ಬಸಳೆ, ಸೌತೆಕಾಯಿ, ಕೆಸುವು ತಂದಿರುತ್ತಾರೆ. ಸಾವಿರಾರು ಹಾಲಕ್ಕಿ ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದ ಪದ್ಮಶ್ರೀ ಸುಕ್ರಿ ಬೊಮ್ಮಗೌಡ ಇದೇ ತಾಲ್ಲೂಕಿನ ಬಡಿಗೇರಿಯವರು, ಬೀಜ-ಮರಗಳ ತಿಳಿವಳಿಕೆಗೆ ಪದ್ಮಶ್ರೀ ಪಡೆದ ತುಳಸಿ ಗೌಡ ಇದೇ ತಾಲ್ಲೂಕಿನ ಹೊನ್ನಳ್ಳಿಯವರು. ತುಳಸಜ್ಜಿ 2024ರ ಡಿಸೆಂಬರಿನಲ್ಲಿ, ಸುಕ್ರಜ್ಜಿ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಪೇಟೆಯ ಹಾಲಕ್ಕಿ ಹೆಂಗಸರ ಉಡುಗೆ ನೋಡಿ ಮೊಬೈಲ್ ಎತ್ತುವ ಪ್ರವಾಸಿಗರು ಬಹಳ. ಮೊದಲು ಒಂದು ಕಟ್ಟು ಸೊಪ್ಪು ಕೊಳ್ಳಿ, ಆಮೇಲೆ ಕೇಳಿ. ಬೇಡ ಎಂದರೆ ಮೊಬೈಲ್ ಕಿಸೆಯಲ್ಲಿರಲಿ.

ಊಟದ ಮಾತು

ಹೋಟೆಲಿನ ಹೆಸರು ಹೇಳಿ ಎಂದು ಕೇಳುವವರಿಗೆ ನಾನು ಹೆಸರಿಗಿಂತ ಲಕ್ಷಣ ಹೇಳುತ್ತೇನೆ. ಸಣ್ಣ ಊರಿನ ಮೀನೂಟದ ಹೋಟೆಲ್ ನಡೆಯುವುದು ಒಬ್ಬ ಅಡುಗೆಯವರ ಕೈಯ ಮೇಲೆ. ಅವರು ಬಿಟ್ಟುಹೋದ ದಿನ ಬೋರ್ಡು ಅದೇ ಇರುತ್ತದೆ, ಸಾರು ಬೇರೆಯಾಗುತ್ತದೆ. ಹನ್ನೆರಡೂವರೆಯಿಂದ ಎರಡರ ನಡುವೆ ಬ್ಯಾಂಕಿನವರು, ಕೋರ್ಟಿನವರು, ಬಸ್ ಕಂಡಕ್ಟರುಗಳು ಎಲ್ಲಿ ಕೂತಿದ್ದಾರೆ ನೋಡಿ. ಪ್ರವಾಸಿಗಳ ಕಾರು ಮಾತ್ರ ನಿಂತಿರುವ ಹೆದ್ದಾರಿ ಬದಿಯ ಜಾಗ ಬಿಡಿ. ಗೋಡೆಯ ಮೇಲೆ ಮೀನಿನ ಹೆಸರು ಸೀಮೆಸುಣ್ಣದಲ್ಲಿ ಬರೆದು, ಮುಗಿದದ್ದನ್ನು ಅಳಿಸುತ್ತಿದ್ದರೆ ಒಳ್ಳೆಯ ಲಕ್ಷಣ. ಲ್ಯಾಮಿನೇಟ್ ಮಾಡಿದ ಮೆನು ಕಾರ್ಡಿನಲ್ಲಿ ಮೂವತ್ತು ಬಗೆಯ ಮೀನಿದ್ದರೆ ಅಷ್ಟೂ ಮಂಜುಗಡ್ಡೆಯ ಪೆಟ್ಟಿಗೆಯಿಂದ ಬಂದವು. ಮೂರರ ಮೇಲೆ ಹೋದರೆ ಎಲ್ಲ ಕಡೆಗೂ ಸಿಗುವುದು ಗೋಬಿ ಮಂಚೂರಿ.

ಊಟ ಎಂದರೆ ಇಷ್ಟು: ಕುಚಲಕ್ಕಿ ಅಥವಾ ಬೆಳ್ತಿಗೆ ಅನ್ನ, ತೆಂಗಿನಕಾಯಿ ಅರೆದ ಮೀನು ಸಾರು, ಬಳಚು ಅಥವಾ ಶೆಟ್ಲಿಯ ಸುಕ್ಕೆ ಸ್ವಲ್ಪ, ಒಣ ಸೀಗಡಿಯ ಚಟ್ನಿ, ಉಪ್ಪಿನಕಾಯಿ, ಕೊನೆಗೆ ಮುರುಗಲ ಹುಳಿಯ ಕಡಿ. ಬಂಗಡೆ, ತಾರ್ಲೆಯ ಸಾರಿನಲ್ಲಿ ಹಸಿರು ಬಟಾಣಿಯಂಥ ಸಣ್ಣ ಕಾಯಿ ಸಿಕ್ಕರೆ ಗಾಬರಿಯಾಗಬೇಡಿ, ಅದು ಜುಮ್ಮನಕಾಯಿ. ಕೊಂಕಣಿಯವರು ತಿರಫಲ ಎನ್ನುತ್ತಾರೆ. ಕಚ್ಚಿದರೆ ನಾಲಿಗೆ ಜುಮ್ಮೆನ್ನುತ್ತದೆ, ಪಕ್ಕಕ್ಕಿಡಿ. ಅದರ ಕೆಲಸ ಪರಿಮಳ ಕೊಡುವುದು. ಈ ಸಾರಿನ ಖಾರಕ್ಕೆ ನಮ್ಮ ಬ್ಯಾಡಗಿ ಮೆಣಸಿನಕಾಯಿಯೇ ಬೇಕು, ಬಣ್ಣ ಬರುವುದೂ ಅದರಿಂದಲೇ.

ಹುರಿದ ಮೀನು ಊಟದ ದರದಲ್ಲಿ ಸೇರಿರುವುದಿಲ್ಲ. ಇಲ್ಲಿಯೇ ಹುಬ್ಬಳ್ಳಿಯವರಿಗೆ ಬಿಲ್ ಬಂದಾಗ ಕಣ್ಣು ದೊಡ್ಡದಾಗುವುದು. ಪಾಪ್ಲೆಟ್, ಇಸ್ವಣದ ದರ ದಿನಕ್ಕೊಂದು, ತೂಕಕ್ಕೊಂದು. ಹುರಿಯಲು ಹೇಳುವ ಮುಂಚೆ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ರವೆ ಹಚ್ಚಿ ಹುರಿದದ್ದು ಗರಿಗರಿ, ಮಕ್ಕಳಿಗೆ ಇಷ್ಟ. ಮೀನಿನ ರುಚಿ ಬೇಕೆನ್ನುವವರು ಬರೀ ಮಸಾಲೆ ಹಚ್ಚಿ ತವೆಯ ಮೇಲೆ ಸುಟ್ಟದ್ದನ್ನು ಕೇಳಲಿ. ನನ್ನ ಪ್ರಕಾರ ದುಬಾರಿ ಪಾಪ್ಲೆಟ್‌ಗಿಂತ ಆ ದಿನದ ತಾಜಾ ಬಂಗಡೆ ಮೇಲು. ದೊಡ್ಡ ಮೀನು ಬಹಳ ಸಲ ಗೋವಾಕ್ಕೂ ಬೆಂಗಳೂರಿಗೂ ಹೋಗಿ ಉಳಿದದ್ದು, ಬಂಗಡೆ ಊರವರು ತಿನ್ನುವ ಮೀನು.

ಇನ್ನು ಮೀನು ಮುಟ್ಟದವರ ವಿಷಯ. ನಮ್ಮ ಕಡೆ ಒಂದೇ ಗಾಡಿಯಲ್ಲಿ ಎರಡೂ ಪಂಗಡ ಇರುತ್ತದೆ. ಅತ್ತೆಯವರು ಲಿಂಗ ಕಟ್ಟಿದವರು, ಅಳಿಯನ ಗೆಳೆಯರು ಮೀನಿಗೆ ಬಾಯಿಬಿಟ್ಟವರು. ಎರಡಕ್ಕೂ ಒಂದೇ ಹೋಟೆಲ್ ಹುಡುಕಿ ಇಬ್ಬರನ್ನೂ ಕೆಡಿಸಬೇಡಿ. ಅಂಕೋಲೆ ಪೇಟೆಯಲ್ಲಿ ಶಾಖಾಹಾರಿ ಹೋಟೆಲುಗಳು ಬಸ್ ನಿಲ್ದಾಣದ ಆಸುಪಾಸಿನಲ್ಲೇ ಇವೆ. ಒಂದು ತಾಸು ಬೇರೆ ಬೇರೆ ಕೂತು ಮತ್ತೆ ಕೂಡುವುದೇ ಸಂಸಾರಕ್ಕೆ ಕ್ಷೇಮ. ಜೋಳದ ರೊಟ್ಟಿ ಇಲ್ಲಿ ನಿರೀಕ್ಷಿಸಬೇಡಿ. ವಯಸ್ಸಾದವರಿದ್ದರೆ ಕಟಿರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿಯ ಬುತ್ತಿ ಕಟ್ಟಿಕೊಂಡೇ ಹೋಗಿ, ಅದಕ್ಕೆ ನಾಚಿಕೆ ಬೇಡ. ಅವರಿಗೆ ಇಲ್ಲಿಯ ರುಚಿ ತೋರಿಸಬೇಕೆಂದರೆ ಹಲಸಿನೆಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬು, ಮಳೆಗಾಲದಲ್ಲಿ ಪತ್ರೊಡೆ, ಬೇಸಿಗೆಯಲ್ಲಿ ಅಪ್ಪೆಮಿಡಿಯ ಅಪ್ಪೆಹುಳಿ ಸಿಗುವ ಕಡೆ ಕರೆದೊಯ್ಯಿರಿ. ಇವು ಎಲ್ಲ ಹೋಟೆಲಿನಲ್ಲೂ ಇರುವುದಿಲ್ಲ. ಹೋಮ್‌ಸ್ಟೇಯಲ್ಲಿ ಉಳಿಯುವುದಾದರೆ ಹಿಂದಿನ ದಿನವೇ ಫೋನ್ ಮಾಡಿ ಹೇಳಿದರೆ ಮಾಡಿಕೊಡುತ್ತಾರೆ. ಕೋಳಿ ಸಾರು-ವಡೆ ಬೇಕೆನ್ನುವವರಿಗೂ ಇದೇ ಮಾತು. ಅಂಕೋಲೆಯ ನಾಡವರ ಮನೆಗಳ ಕೋಳಿ ಸಾರಿನ ಹತ್ತಿರಕ್ಕೆ ಹೋಟೆಲಿನದು ಬರುವುದಿಲ್ಲ.

ಉಪ್ಪಿನ ಊರು

ಊಟವಾದ ಮೇಲೆ ಬಿಸಿಲು ಇಳಿಯುವವರೆಗೆ ಪೇಟೆಯಲ್ಲೇ ಇರಿ, ಸ್ವಾತಂತ್ರ್ಯ ಸಂಗ್ರಾಮದ ಸ್ಮಾರಕ ಭವನ ನೋಡಿ. ಗಾಂಧೀಜಿ ದಂಡಿಯಲ್ಲಿ ಉಪ್ಪು ಹಿಡಿದ ಒಂದು ವಾರಕ್ಕೆ, 1930ರ ಏಪ್ರಿಲ್ 13ರಂದು, ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆ ಮುರಿಯಲಾಯಿತು. ಸಮುದ್ರದ ನೀರು ತಂದು ಕಾಯಿಸಿ ಮಾಡಿದ ಉಪ್ಪಿನ ಮೊದಲ ಪೊಟ್ಟಣ ಹರಾಜಾಗಿ ಮೂವತ್ತು ರೂಪಾಯಿಗೆ ಹೋಯಿತು. ಆ ಕಾಲದ ಮೂವತ್ತು ರೂಪಾಯಿ ಎಂದರೆ ಒಬ್ಬ ಶಾಲಾ ಮಾಸ್ತರರ ಸಂಬಳದ ಮಾತು. ಬೆನ್ನಲ್ಲೇ ಬಂದ ಕರನಿರಾಕರಣೆಯಲ್ಲಿ ಈ ತಾಲ್ಲೂಕು ಮತ್ತು ಸಿದ್ದಾಪುರದ ರೈತರು ಕಂದಾಯ ಕೊಡಲಿಲ್ಲ. ಹೊಲ, ಮನೆ, ಪಾತ್ರೆ-ಪಗಡ ಜಪ್ತಿಯಾದವು, ಹೆಂಗಸರೂ ಜೈಲಿಗೆ ಹೋದರು. ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂದದ್ದು ಹೀಗೆ. ಸೂರ್ವೆಯಂಥ ಹಳ್ಳಿಗಳಲ್ಲಿ ಹೋರಾಟಕ್ಕಿಳಿಯದ ಮನೆಯನ್ನೇ ಹುಡುಕಬೇಕು.

ಬೆಂಗೇರಿಯವರಿಗೆ ಇದರಲ್ಲಿ ವಿಶೇಷ ಆಸಕ್ತಿ ಇರಬೇಕು. 1957ರಲ್ಲಿ ಹುಟ್ಟಿದ ನಮ್ಮ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಅಂಗಳದಲ್ಲಿ 2004ರಿಂದ ರಾಷ್ಟ್ರಧ್ವಜ ತಯಾರಾಗುತ್ತಿದೆ. ಆರು ಇಂಚಿನಿಂದ ಹಿಡಿದು 21 ಅಡಿ ಉದ್ದದವರೆಗೆ ಒಂಬತ್ತು ಅಳತೆ. ಉಪ್ಪು ಮತ್ತು ನೂಲು ಒಂದೇ ಚಳವಳಿಯ ಎರಡು ಕೈಗಳು. ಶಾಲೆಯ ಮಕ್ಕಳನ್ನು ಆ ಸಂಘಕ್ಕೆ ಪ್ರವಾಸ ಒಯ್ಯುವ ಮಾಸ್ತರರು ಮರುವರ್ಷ ಅವರನ್ನೇ ಅಂಕೋಲೆಗೆ ಕರೆತಂದರೆ ಪಾಠ ಪೂರ್ತಿಯಾಗುತ್ತದೆ.

ಇಷ್ಟರ ಮೇಲೂ ಸಮಯ ಉಳಿದರೆ ಪೇಟೆಯಲ್ಲಿ ದಿನಕರ ದೇಸಾಯಿಯವರ ಚೌಪದಿಗಳ ಪುಸ್ತಕ ಹುಡುಕಿ. ಚುಟುಕು ಬ್ರಹ್ಮ ಎಂದು ಹೆಸರಾದ ಇವರ ಊರು ಪಕ್ಕದ ಅಲಗೇರಿ. 1953ರಲ್ಲಿ ಅವರು ಕಟ್ಟಿದ ಕೆನರಾ ವೆಲ್ಫೇರ್ ಟ್ರಸ್ಟಿನ ಶಾಲೆ-ಕಾಲೇಜುಗಳು ಈ ಜಿಲ್ಲೆಯ ಬಡ ಮಕ್ಕಳನ್ನು ಓದಿಸಿವೆ. ಸಮುದ್ರದ ದಂಡೆಯಲ್ಲಿ ಕೂತು ಓದುವುದಕ್ಕೆ ನಾಲ್ಕು ಸಾಲಿನ ಪದ್ಯಕ್ಕಿಂತ ಅನುಕೂಲದ್ದು ಬೇರೆ ಇಲ್ಲ. ಗಾಳಿಗೆ ಹಾಳೆ ಮಗುಚಿದರೂ ಎಲ್ಲಿ ಬಿಟ್ಟೆವೆಂದು ಹುಡುಕಬೇಕಿಲ್ಲ.

ದಂಡೆ

ನಾಲ್ಕೂವರೆಗೆ ಹೊರಡಿ. ಪೂಜಗೇರಿ, ನದಿಬಾಗ ಪೇಟೆಗೆ ಹತ್ತಿರ. ನದಿಬಾಗದಲ್ಲಿ ಒಂದು ಕಡೆ ಹಳ್ಳದ ಹಿನ್ನೀರು, ಇನ್ನೊಂದು ಕಡೆ ಕಡಲು, ಪಕ್ಕಕ್ಕೆ ಗುಡ್ಡ. ಸೂರ್ಯ ಮುಳುಗುವುದನ್ನು ನೋಡಲು ಗುಡ್ಡವೇ ಒಳ್ಳೆಯದು. ಕೇಣಿ ಮೀನುಗಾರರ ಊರು. ಅಲ್ಲಿ ಹೊಸ ಬಂದರು ಕಟ್ಟುವ ಯೋಜನೆಗೆ ಊರವರು ವಿರೋಧವಾಗಿ ನಿಂತಿದ್ದಾರೆ. ದಂಡೆಯಲ್ಲಿ ಚಹಾ ಕುಡಿಯುತ್ತ ಕೇಳಿದರೆ ಪತ್ರಿಕೆಯಲ್ಲಿ ಬಾರದ ಸಂಗತಿಗಳನ್ನು ಅವರೇ ಹೇಳುತ್ತಾರೆ. ಬೆಲೇಕೇರಿ ಒಂದು ಕಾಲಕ್ಕೆ ಬಳ್ಳಾರಿಯ ಅದಿರು ಹಡಗು ಹತ್ತಿದ ಬಂದರು. ಜಪ್ತಿ ಮಾಡಿಟ್ಟ ಅದಿರೇ ಅಲ್ಲಿಂದ ಮಾಯವಾದ ಹಗರಣದಿಂದ 2010ರಲ್ಲಿ ಅದರ ಹೆಸರು ರಾಜ್ಯಕ್ಕೆಲ್ಲ ಗೊತ್ತಾಯಿತು. ಈಗ ಅಲ್ಲಿ ಸಂಜೆ ಶಾಂತ. ಅದೃಷ್ಟವಿದ್ದರೆ ಈ ದಂಡೆಗಳಲ್ಲೆಲ್ಲಾದರೂ ರಂಪಣಿ ಬಲೆ ಎಳೆಯುವುದನ್ನು ಕಾಣಬಹುದು: ಅರ್ಧಚಂದ್ರದಂತೆ ಕಡಲಿಗೆ ಬಿಟ್ಟ ಉದ್ದನೆಯ ಬಲೆಯನ್ನು ಎರಡೂ ತುದಿಗಳಿಂದ ಹತ್ತಾರು ಜನ ದಂಡೆಗೆ ಎಳೆಯುತ್ತಾರೆ. ಯಂತ್ರದ ದೋಣಿಗಳು ಬಂದ ಮೇಲೆ ಇದು ಅಪರೂಪ. ಎಳೆಯಲು ಕೈ ಕೊಟ್ಟರೆ ಬೇಡ ಎನ್ನುವವರಿಲ್ಲ.

ನೀರಿಗಿಳಿಯುವ ಬಗ್ಗೆ ಸ್ವಲ್ಪ ಗಡಸಾಗಿಯೇ ಹೇಳಬೇಕು. ನಮ್ಮ ಮಕ್ಕಳು ಈಜು ಕಲಿತದ್ದು ಬಾವಿಯಲ್ಲೋ ಈಜುಕೊಳದಲ್ಲೋ. ಕಡಲ ನೀರು ಒಳಕ್ಕೆ ಎಳೆಯುತ್ತದೆ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ವರು ಹುಡುಗಿಯರು ಮುರ್ಡೇಶ್ವರದಲ್ಲಿ ಮುಳುಗಿ ಸತ್ತರು, ಅದು ಮಳೆಗಾಲವೂ ಅಲ್ಲ. ಅಂಕೋಲೆಯ ದಂಡೆಗಳು ನಿರ್ಜನ, ಕಾಯುವವರು ಇರುವುದಿಲ್ಲ. ಮೊಣಕಾಲಿನ ಮೇಲೆ ನೀರು ಬೇಡ. ಹಳ್ಳ ಅಥವಾ ನದಿ ಕಡಲು ಸೇರುವ ಜಾಗದಲ್ಲಿ ಕಾಲೂ ಇಡಬೇಡಿ. ಕುಡಿದವರನ್ನು ದಂಡೆಗೆ ಬಿಡಲೇಬೇಡಿ.

ಉಳಿಯುವುದಾದರೆ

ಪೇಟೆಯಲ್ಲಿ ಲಾಡ್ಜ್‌ಗಳಿವೆ, ದಂಡೆಯ ಹಳ್ಳಿಗಳಲ್ಲಿ ಹೋಮ್‌ಸ್ಟೇಗಳಿವೆ. ಡಿಸೆಂಬರ್ ಕೊನೆಯ ವಾರ ಮತ್ತು ಶಿವರಾತ್ರಿಯ ಹೊತ್ತಿಗೆ ಗೋಕರ್ಣದಲ್ಲಿ ರೂಮು ಸಿಗದವರೆಲ್ಲ ಇಲ್ಲಿಗೆ ಬರುತ್ತಾರೆ, ಆಗ ದರ ಏರುತ್ತದೆ.

ಎರಡನೆಯ ದಿನಕ್ಕೆ ನನ್ನ ಆಯ್ಕೆ ಅಚವೆಯ ದಾರಿ. ಹಿಲ್ಲೂರಿನ ಮೇಲೆ ಅಚವೆಗೆ ಹೋದರೆ ಮಾಬಗಿಯ ಹತ್ತಿರ ವಿಭೂತಿ ಜಲಪಾತ. ಸುಣ್ಣದ ಕಲ್ಲಿನಿಂದಾಗಿ ಈ ಹೆಸರು. ಮಾಗೋಡಿನ ಎತ್ತರವಿಲ್ಲ, ಆದರೆ ಹತ್ತಿರ ಹೋಗಿ ಕೂರಬಹುದು. ಅದೇ ದಾರಿಯಲ್ಲಿ ಮುಂದೆ ಯಾಣ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ, ಎರಡೂ ಕಪ್ಪು ಸುಣ್ಣಕಲ್ಲು. ಬಂಡೆಯ ಸೀಳಿನೊಳಗೆ ನಡೆದು ಒಂದು ಸುತ್ತು ಬರಬಹುದು, ಮೊಣಕಾಲು ನೋವಿನವರು ಕೆಳಗೇ ಕೂರಲಿ. ಜೇನುಗೂಡುಗಳಿರುತ್ತವೆ, ಕೂಗಾಟ ಬೇಡ.

ಗೋಕರ್ಣಕ್ಕೆ ಹೋಗಲೇಬೇಕೆಂದವರು ಬೆಳಿಗ್ಗೆ ಬೇಗ ಹೋಗಿ ಮಹಾಬಲೇಶ್ವರನ ದರ್ಶನ ಮುಗಿಸಿ ಬನ್ನಿ. ಗಂಡಸರಿಗೆ ಪಂಚೆ ಬೇಕು, ಅಂಗಿ ತೆಗೆಯಬೇಕು. ಪಂಚೆ ಊರಿನ ಖಾದಿ ಭಂಡಾರದಿಂದಲೇ ಒಯ್ದರೆ ಅಲ್ಲಿ ಬಾಡಿಗೆಯ ಒದ್ದೆ ಪಂಚೆ ಸುತ್ತಿಕೊಳ್ಳುವುದು ತಪ್ಪುತ್ತದೆ. ಗೋಕರ್ಣದ ಪಕ್ಕದ ಸಾಣಿಕಟ್ಟೆಯಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಉಪ್ಪಿನ ಗದ್ದೆಗಳಲ್ಲಿ ಬಿಳಿ ರಾಶಿ ಏಳುವುದನ್ನು ನೋಡಬಹುದು, ಒಂದೆರಡು ಕಿಲೋ ಕಲ್ಲುಪ್ಪು ಕೊಂಡು ತನ್ನಿ, ಉಪ್ಪಿನಕಾಯಿಗೆ ಚೆನ್ನ. ಆ ಗದ್ದೆಗಳಿಗೆ ನೀರುಣಿಸುವ ಅಘನಾಶಿನಿಯ ಅಳಿವೆ 2024ರಲ್ಲಿ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಕಾರವಾರ ಉತ್ತರಕ್ಕೆ ಮುಕ್ಕಾಲು ತಾಸು. ಮಕ್ಕಳಿದ್ದರೆ ಟಾಗೋರ್ ಕಡಲ ತೀರದ ಯುದ್ಧನೌಕೆ ವಸ್ತುಸಂಗ್ರಹಾಲಯ ತೋರಿಸಿ, ಊಟಕ್ಕೆ ಅಮೃತ್ ಹೋಟೆಲ್ ಬಹಳ ಕಾಲದಿಂದ ಹೆಸರಾದದ್ದು.

ಯಾವಾಗ ಹೋಗಬೇಕು, ಏನು ತರಬೇಕು

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ನಾಡದೋಣಿಯವರು ತಂದ ಸ್ವಲ್ಪ ಮೀನು, ಹೊಳೆಮೀನು ಬಿಟ್ಟರೆ ಉಳಿದದ್ದು ಪೆಟ್ಟಿಗೆಯ ಮೀನು. ರಸ್ತೆಯೂ ಆಗ ನಂಬಿಕೆಯದ್ದಲ್ಲ. 2024ರ ಜುಲೈ 16ರಂದು ಬಾಳೆಗುಳಿಯಿಂದ ದಕ್ಷಿಣಕ್ಕೆ, ಶಿರೂರಿನಲ್ಲಿ, ಹೆದ್ದಾರಿಗೆ ಗುಡ್ಡ ಕುಸಿದು ಚಹಾದಂಗಡಿಯ ಇಡೀ ಸಂಸಾರ ಮಣ್ಣಿನಡಿ ಹೋಯಿತು, ಲಾರಿಗಳು ಗಂಗಾವಳಿಯ ಪಾಲಾದವು. ಕೊಚ್ಚಿಹೋದ ಒಂದು ಲಾರಿ ಸಿಕ್ಕಿದ್ದು ಎರಡು ತಿಂಗಳ ಮೇಲೆ, ಸೆಪ್ಟೆಂಬರಿನಲ್ಲಿ. ಜಿಲ್ಲಾಡಳಿತ ಮಳೆಯ ಕೆಂಪು ಎಚ್ಚರಿಕೆ ಕೊಟ್ಟ ದಿನ ಮನೆಯಲ್ಲೇ ಮಿರ್ಚಿ-ಗಿರ್ಮಿಟ್ ಮಾಡಿಕೊಂಡು ಕೂರುವುದು ಜಾಣತನ.

ಮೀನು ಊರಿಗೆ ತರುವವರು ಬೆಳಿಗ್ಗೆ ಕೊಂಡು ದಿನವಿಡೀ ಗಾಡಿಯಲ್ಲಿಟ್ಟುಕೊಳ್ಳಬೇಡಿ. ಹೊರಡುವ ದಿನ ಬೆಳಗಿನ ಪೇಟೆಯಲ್ಲೇ ಕೊಂಡು, ಹೊಟ್ಟೆ ತೆಗೆಸಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಒಂದು ಪದರ ಮಂಜುಗಡ್ಡೆ, ಒಂದು ಪದರ ಮೀನು ಹಾಕಿಸಿ ನೇರ ಹೊರಡಿ. ತುಂಡು ಮಾಡಿಸಬೇಡಿ, ಇಡೀ ಮೀನು ಹೆಚ್ಚು ತಡೆಯುತ್ತದೆ. ಸರಕಾರಿ ಬಸ್ಸಿನಲ್ಲಿ ಬರುವವರು ಒಣಮೀನಿಗೂ ಎರಡು ಸುತ್ತು ಪ್ಲಾಸ್ಟಿಕ್ ಸುತ್ತಿ. ನಿಮ್ಮ ಪಕ್ಕದ ಸೀಟಿನವರ ಅಭಿಪ್ರಾಯ ಬೇರೆ ಇರಬಹುದು. ಮಳೆಗಾಲಕ್ಕೆ ಮನೆಮನೆಯಲ್ಲಿ ದಾಸ್ತಾನು ಮಾಡುವ ಕಾಲವಾದ್ದರಿಂದ ಏಪ್ರಿಲ್-ಮೇನಲ್ಲಿ ಒಣಮೀನಿನ ವ್ಯಾಪಾರ ಜೋರು.

ಅದೇ ತಿಂಗಳುಗಳಲ್ಲಿ ಅಂಕೋಲೆಗೆ ಇನ್ನೊಂದು ಕಾರಣವಿದೆ, ಕರಿ ಇಶಾಡ. 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಈ ಮಾವು ಹುಬ್ಬಳ್ಳಿಯ ಹಣ್ಣಿನ ಪೇಟೆಯಲ್ಲಿ ಕಾಣುವುದೇ ಅಪರೂಪ, ಏಕೆಂದರೆ ಹಣ್ಣಾದ ಮೇಲೆ ಹೆಚ್ಚು ದಿನ ನಿಲ್ಲುವುದಿಲ್ಲ. ತೆಳು ಸಿಪ್ಪೆ, ನಾರಿಲ್ಲದ ದಪ್ಪ ತಿರುಳು, ಕೋಣೆ ತುಂಬುವ ವಾಸನೆ. ಇದರ ತಮ್ಮ ಬಿಳಿ ಇಶಾಡದ ಸಿಪ್ಪೆ ದಪ್ಪ, ರುಚಿ ಒಂದು ಕೈ ಕಡಿಮೆ. ಮಾರುವವರು ಕರಿಯ ಹೆಸರಿನಲ್ಲಿ ಬಿಳಿಯನ್ನು ಕೊಡುವುದುಂಟು, ಹಾಲಕ್ಕಿ ಅಜ್ಜಿಯರ ಬುಟ್ಟಿಯಿಂದ ಕೊಂಡರೆ ಮೋಸ ಕಡಿಮೆ. ಧಾರವಾಡದ ಆಪೂಸಿಗಿಂತ ಇದು ಮೇಲೆಂದು ಬರೆದರೆ ಕೆಲಗೇರಿ ಕಡೆಯ ನನ್ನ ನೆಂಟರು ಮಾತು ಬಿಡುತ್ತಾರೆ, ಹಾಗಾಗಿ ತಿಂದು ನೀವೇ ತೀರ್ಮಾನಿಸಿ. ಅರೆಗಾಯಿ ಅರ್ಧ, ಹಣ್ಣು ಅರ್ಧ ತೆಗೆದುಕೊಳ್ಳಿ, ಹುಲ್ಲಿನಲ್ಲಿಟ್ಟು ತಂದರೆ ಊರಿನಲ್ಲಿ ನಾಲ್ಕು ದಿನ ತಿನ್ನಬಹುದು.

ವೈಶಾಖದಲ್ಲಿ ಅಂಕೋಲೆಯ ಶಾಂತಾದುರ್ಗೆಯ ಬಂಡಿಹಬ್ಬವೂ ಬರುತ್ತದೆ, ಆಗ ಇಡೀ ತಾಲ್ಲೂಕು ಪೇಟೆಯಲ್ಲಿರುತ್ತದೆ. ವರ್ಷಕ್ಕೆ ಒಂದೇ ಸಲ ಹೋಗಲು ಸಾಧ್ಯವೆನ್ನುವವರು ಡಿಸೆಂಬರಿನ ತಂಪು ಬಿಟ್ಟು ಮೇ ತಿಂಗಳ ಎರಡನೆಯ ವಾರ ಹೋಗಿ. ಸೆಕೆಗೆ ಅಂಗಿ ಮೈಗಂಟುತ್ತದೆ, ಮಧ್ಯಾಹ್ನ ಎರಡು ತಾಸು ಫ್ಯಾನಿನ ಕೆಳಗೆ ಮಲಗಲೇಬೇಕಾಗುತ್ತದೆ. ಆದರೆ ತಾಜಾ ಬಂಗಡೆ, ಒಣಮೀನು, ಕರಿ ಇಶಾಡ ಮೂರೂ ಒಂದೇ ಪೇಟೆಯಲ್ಲಿ ಸಿಗುವುದು ಆಗ ಮಾತ್ರ.